ಮೂಕಸಾಕ್ಷಿಗಳು: ಅಪರಾಧ ಶೋಧನೆಯಲ್ಲಿ ಸೂಕ್ಷ್ಮ ಕುರುಹುಗಳ ಸ್ಥಾನ

ನ್ಯಾಯಾಸ್ಥಾನದ ಮುಂದೆ ಬರುವ ಸಾಕ್ಷಿಗಳಲ್ಲಿ ಎರಡು ಬಗೆ. ಬಾಯುಳ್ಳ ಸಾಕ್ಷಿಗಳು ಒಂದು ಬಗೆ. ಬಾಯಿಲ್ಲದ ಸಾಕ್ಷಿಗಳು ಇನ್ನೊಂದು ಬಗೆ. ಮೊದಲನೆಯವರು ಮನುಷ್ಯರು. ಅವರು ಕಂಡದ್ದನ್ನು ಮರೆಯಬಹುದು. ಕಾಣದ್ದನ್ನು ಕಂಡೆವೆಂದು ಭ್ರಮಿಸಬಹುದು. ಭಯಕ್ಕೋ, ಆಮಿಷಕ್ಕೋ, ದಾಕ್ಷಿಣ್ಯಕ್ಕೋ ಒಳಗಾಗಿ ಮಾತನ್ನು ತಿರುಚಬಹುದು. ಎರಡನೆಯ ಬಗೆಯವು ಜಡವಸ್ತುಗಳು. ಅಂಗಿಗೆ ಅಂಟಿದ ಒಂದು ನೂಲೆಳೆ, ಉಗುರಿನ ಸಂದಿನಲ್ಲಿ ಉಳಿದ ಧೂಳು, ಪಾದರಕ್ಷೆಯ ಅಡಿಯಲ್ಲಿ ಮೆತ್ತಿದ ಮಣ್ಣು, ಒಡೆದ ಗಾಜಿನ ಕಣ ಇವೇ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಇವಕ್ಕೆ ಭಯವಿಲ್ಲ, ಲೋಭವಿಲ್ಲ, ಮರೆವಿಲ್ಲ. ಆದರೆ ಇವಕ್ಕೆ ನಾಲಗೆಯೂ ಇಲ್ಲ. ಇವುಗಳ ಪರವಾಗಿ ಮಾತನಾಡಬೇಕಾದವನು ಮನುಷ್ಯನೇ. ಆ ಮನುಷ್ಯನೇ ವಿಧಿವಿಜ್ಞಾನಿ.

ಸೂಕ್ಷ್ಮ ಕುರುಹುಗಳನ್ನು ವಿಜ್ಞಾನವು ಹೇಗೆ ಗುರುತಿಸುತ್ತದೆ, ಹೇಗೆ ಪರೀಕ್ಷಿಸುತ್ತದೆ, ಅವುಗಳಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದು. ಏಕೆಂದರೆ ಮೂಕವಸ್ತುವು ತಾನಾಗಿ ಸುಳ್ಳಾಡಲಾರದು. ಅದರ ಬಾಯಾಗಿ ನಿಂತವನು ಒಂದು ಮಾತು ಹೆಚ್ಚಾಗಿ ಹೇಳಿದರೂ ನಿರಪರಾಧಿಯ ಬಾಳು ಹಾಳಾಗಬಹುದು.

ತತ್ತ್ವದ ಉಗಮ

ಹೊಲದ ಬದುವಿನಲ್ಲಿ ನಡೆದು ಬಂದವನ ಧೋತರದ ಅಂಚನ್ನು ನೋಡಿರಿ. ಉತ್ತರಾಣಿಯ ಕಾಳುಗಳು ಅಂಟಿಕೊಂಡಿರುತ್ತವೆ. ಅವನು ಹಾದುಬಂದ ದಾರಿಯನ್ನು ಅವನು ಹೇಳದಿದ್ದರೂ ಧೋತರ ಹೇಳುತ್ತದೆ. ಇತ್ತ ಎರೆಮಣ್ಣಿನ ಮೇಲೆ ಅವನ ಹೆಜ್ಜೆಯೂ ಮೂಡಿರುತ್ತದೆ. ಅಂದರೆ ಅವನು ನೆಲದಿಂದ ಏನನ್ನೋ ಪಡೆದಿದ್ದಾನೆ. ನೆಲಕ್ಕೆ ಏನನ್ನೋ ಬಿಟ್ಟಿದ್ದಾನೆ. ಈ ಕೊಳುಕೊಡೆಯೇ ಸೂಕ್ಷ್ಮ ಕುರುಹುಗಳ ಶಾಸ್ತ್ರಕ್ಕೆ ತಳಹದಿ.

ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಇಬ್ಬರನ್ನು ಸ್ಮರಿಸಬೇಕು. ಆಸ್ಟ್ರಿಯಾ ದೇಶದ ತನಿಖಾ ನ್ಯಾಯಾಧೀಶರಾಗಿದ್ದ ಹಾನ್ಸ್ ಗ್ರಾಸ್ (1847–1915) ಅವರು 1893ರಲ್ಲಿ ತನಿಖಾಧಿಕಾರಿಗಳಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿ, ಸೂಕ್ಷ್ಮದರ್ಶಕವೂ ರಸಾಯನಶಾಸ್ತ್ರವೂ ಅಪರಾಧ ಶೋಧನೆಗೆ ಅವಶ್ಯವೆಂದು ಸಾರಿದರು. ಫ್ರಾನ್ಸಿನ ಎಡ್ಮಂಡ್ ಲೊಕಾರ್ (1877–1966) ಅವರು 1910ರಲ್ಲಿ ಲಿಯಾನ್ ನಗರದ ನ್ಯಾಯಾಲಯ ಕಟ್ಟಡದ ಅಟ್ಟದ ಮೇಲಿನ ಎರಡು ಕೊಠಡಿಗಳಲ್ಲಿ ಪೊಲೀಸ್ ಪ್ರಯೋಗಾಲಯವೊಂದನ್ನು ಆರಂಭಿಸಿದರು. ಅಪರಾಧದಂತಹ ತೀವ್ರವಾದ ಕ್ರಿಯೆಯಲ್ಲಿ ತೊಡಗಿದವನು ತಾನು ಬಂದುಹೋದುದರ ಗುರುತನ್ನು ಬಿಡದೆ ಇರಲಾರನು ಎಂಬುದು ಅವರ ವಿಚಾರದ ಸಾರ. ಪ್ರತಿಯೊಂದು ಸ್ಪರ್ಶವೂ ಗುರುತನ್ನು ಉಳಿಸುತ್ತದೆ ಎಂಬ ಸಂಕ್ಷಿಪ್ತ ಸೂತ್ರವನ್ನು ಮುಂದಿನವರು ಇದರಿಂದಲೇ ರೂಪಿಸಿದರು. ಇಂದು ಇದನ್ನು ‘ಲೊಕಾರ್ ತತ್ತ್ವ’ವೆಂದು ಕರೆಯುವುದುಂಟು.

ಎರಡು ಹಳೆಯ ಪ್ರಕರಣಗಳು

ತತ್ತ್ವವು ವ್ಯವಹಾರದಲ್ಲಿ ಹೇಗೆ ಫಲಿಸುತ್ತದೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡೋಣ.

1904ರಲ್ಲಿ ಜರ್ಮನಿಯ ಫ್ರೈಬರ್ಗ್ ನಗರದ ಸಮೀಪದ ಅವರೆಯ ಜಾತಿಯ ಬೆಳೆಯಿದ್ದ ಹೊಲವೊಂದರಲ್ಲಿ, ಹೊಲಿಗೆಯ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ಕೊರಳವಸ್ತ್ರದಿಂದಲೇ ಉಸಿರುಕಟ್ಟಿ ಕೊಲೆಯಾಗಿದ್ದಳು. ಅಲ್ಲಿ ದೊರೆತದ್ದು ಒಂದು ಕೊಳಕಾದ ಕರವಸ್ತ್ರ ಮಾತ್ರ. ಫ್ರಾಂಕ್‌ಫರ್ಟಿನ ರಸಾಯನಜ್ಞ ಗಿಯೋರ್ಗ್ ಪಾಪ್ ಅವರು ಅದರಲ್ಲಿದ್ದ ಸಿಂಬಳವನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದಾಗ ಕಲ್ಲಿದ್ದಲಿನ ಪುಡಿ, ನಸ್ಯದ ಕಣ ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜದ ಕಾಳುಗಳು ಕಂಡುಬಂದವು. ಸಂಶಯಕ್ಕೆ ಒಳಗಾಗಿದ್ದ ವ್ಯಕ್ತಿಯು ಕಲ್ಲಿದ್ದಲನ್ನು ಉರಿಸುವ ಅನಿಲದ ಕಾರ್ಖಾನೆಯಲ್ಲಿಯೂ, ಬಿಡುವಿನ ವೇಳೆಯಲ್ಲಿ ಗರಸಿನ ಗಣಿಯಲ್ಲಿಯೂ ದುಡಿಯುತ್ತಿದ್ದನು. ನಸ್ಯ ಸೇದುವ ಅಭ್ಯಾಸವೂ ಅವನಿಗಿತ್ತು. ಅವನ ಉಗುರುಗಳ ಅಡಿಯಲ್ಲಿ ಕಲ್ಲಿದ್ದಲೂ ಅದೇ ಖನಿಜವೂ ದೊರೆತವು. ಅವನ ಷರಾಯಿಯ ಕೆಳಮಡಿಕೆಯಲ್ಲಿ ಮಣ್ಣಿನ ಎರಡು ಪದರಗಳಿದ್ದವು. ಒಳಪದರವು ಕೊಲೆ ನಡೆದ ಸ್ಥಳದ ಮಣ್ಣನ್ನು ಹೋಲುತ್ತಿತ್ತು. ಅಭ್ರಕದ ಕಣಗಳಿಂದ ಕೂಡಿದ ಹೊರಪದರವು ಅಲ್ಲಿಂದ ಅವನ ಮನೆಗೆ ಹೋಗುವ ದಾರಿಯ ಮಣ್ಣನ್ನು ಹೋಲುತ್ತಿತ್ತು. ಮೊದಲು ಮೆತ್ತಿದ್ದು ಒಳಗೆ, ಆಮೇಲೆ ಮೆತ್ತಿದ್ದು ಹೊರಗೆ! ಆ ಮಣ್ಣು ಸ್ಥಳವನ್ನಷ್ಟೇ ಅಲ್ಲದೆ ನಡಿಗೆಯ ಕ್ರಮವನ್ನೂ ಸೂಚಿಸಿತು. ಈ ಆಧಾರಗಳನ್ನು ಮುಂದಿಟ್ಟಾಗ ಅವನು ತಪ್ಪೊಪ್ಪಿಕೊಂಡನು.

ಎರಡನೆಯದು 1912ರಲ್ಲಿ ಲಿಯಾನ್ ನಗರದಲ್ಲಿ ನಡೆದುದು. ತರುಣಿಯೊಬ್ಬಳ ಕತ್ತು ಹಿಸುಕಲಾಗಿತ್ತು. ಅವಳ ಸ್ನೇಹಿತನಾದ ಬ್ಯಾಂಕ್ ಗುಮಾಸ್ತನ ಮೇಲೆ ಸಂಶಯ ಬಂದರೂ ಆ ರಾತ್ರಿ ಅವನು ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದನೆಂದು ಆ ಗೆಳೆಯರೇ ಸಾಕ್ಷಿ ನುಡಿದರು. ಲೊಕಾರ್ ಅವರು ಅವನ ಉಗುರುಗಳ ಅಡಿಯನ್ನು ಹೆರೆದು ತೆಗೆದುದನ್ನು ಪರೀಕ್ಷಿಸಿದರು. ಚರ್ಮದ ಕಣಗಳ ಮೇಲೆ ನಸುಗೆಂಪು ಪುಡಿಯೊಂದು ಲೇಪನಗೊಂಡಿತ್ತು. ಅಕ್ಕಿಯ ಪಿಷ್ಟ, ಬಿಸ್ಮತ್, ಸತುವಿನ ಆಕ್ಸೈಡ್, ಮೆಗ್ನೀಷಿಯಂ ಸ್ಟಿಯರೇಟ್ ಮತ್ತು ಕಬ್ಬಿಣದ ಆಕ್ಸೈಡಿನ ಕೆಂಪು ಬಣ್ಣ ಇವು ಅದರ ಘಟಕಗಳು. ಸತ್ತವಳು ಬಳಸುತ್ತಿದ್ದ ಮುಖದ ಪೌಡರಿನ ಘಟಕಗಳೂ ಇವೇ ಆಗಿದ್ದವು. ಆ ಪೌಡರು ಅಂಗಡಿ ಅಂಗಡಿಯಲ್ಲಿ ಸಿಗುವಂತಹದಲ್ಲ. ಊರಿನ ಔಷಧ ವ್ಯಾಪಾರಿಯೊಬ್ಬನು ಅವಳಿಗಾಗಿಯೇ ಬೆರೆಸಿಕೊಟ್ಟದ್ದು. ಕೊನೆಗೆ ಗುಮಾಸ್ತನು ತಪ್ಪೊಪ್ಪಿಕೊಂಡನು. ಆಟ ನಡೆದ ಕೋಣೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಟ್ಟು ಗೆಳೆಯರನ್ನು ನಂಬಿಸಿದ್ದನು. ಗೆಳೆಯರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಕಂಡ ಸತ್ಯವೇ ಸುಳ್ಳಾಗಿತ್ತು.

ಈ ಎರಡನೆಯ ಪ್ರಕರಣದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವುಂಟು. ಪೌಡರು ಸಿಕ್ಕಿತೆಂಬುದಕ್ಕಿಂತ ಅದು ಅಪರೂಪದ ಪೌಡರೆಂಬುದೇ ಅಲ್ಲಿ ತೂಕವುಳ್ಳ ಸಂಗತಿ. ಎಲ್ಲರ ಮನೆಯಲ್ಲಿಯೂ ಇರುವ ಪೌಡರಾಗಿದ್ದರೆ ಆ ಕುರುಹಿನ ಬೆಲೆ ಬಹಳ ಇಳಿದುಹೋಗುತ್ತಿತ್ತು. ಕುರುಹಿನ ಬೆಲೆ ಅದರ ವಿರಳತೆಯಲ್ಲಿದೆ.

ಸಂಗ್ರಹಣೆಯ ಶಿಸ್ತು

ಪ್ರಯೋಗಾಲಯದಲ್ಲಿ ಎಷ್ಟೇ ಬೆಲೆಬಾಳುವ ಯಂತ್ರಗಳಿರಲಿ, ಸಂಗ್ರಹಣೆ ಕೆಟ್ಟರೆ ಎಲ್ಲವೂ ವ್ಯರ್ಥ. ಕುರುಹು ಬಹು ಬೇಗನೆ ಕಳೆದುಹೋಗುವ ವಸ್ತು. ಉಟ್ಟ ಬಟ್ಟೆಯ ಮೇಲೆ ಬೇರೆ ಬಟ್ಟೆಯಿಂದ ಬಂದು ಕುಳಿತ ನೂಲೆಳೆಗಳಲ್ಲಿ ಬಹುಪಾಲು ಮೊದಲ ಕೆಲವೇ ಗಂಟೆಗಳಲ್ಲಿ ಉದುರಿಹೋಗುತ್ತವೆಂದು 1975ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ಆದುದರಿಂದ ತನಿಖೆಯ ಮೊದಲ ಗಂಟೆಗಳೇ ಬೆಲೆಯುಳ್ಳವು.

ಘಟನೆಯ ಸ್ಥಳವನ್ನು ಕೂಡಲೇ ಸುತ್ತುಗಟ್ಟಿ, ಜನರು ಒಳಗೆ ಬಾರದಂತೆ ತಡೆಯಬೇಕು. ಏನನ್ನೂ ಮುಟ್ಟುವ ಮೊದಲೇ ಛಾಯಾಚಿತ್ರ ತೆಗೆಯಬೇಕು. ಕಣ್ಣಿಗೆ ಕಾಣುವುದನ್ನು ಚಿಮುಟಿಯಿಂದಲೂ, ಕಾಣದಿರುವುದನ್ನು ಅಂಟುಪಟ್ಟಿಯಿಂದಲೂ ಎತ್ತಬೇಕು. ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿಟ್ಟು, ಮೊಹರು ಮಾಡಿ, ಯಾರು ಯಾರಿಗೆ ಯಾವಾಗ ಕೊಟ್ಟರೆಂಬುದನ್ನು ಬರೆದಿಡಬೇಕು. ಒದ್ದೆಯಾದ ಬಟ್ಟೆಯನ್ನು ನೆರಳಿನಲ್ಲಿ ಆರಿಸದೆ ಕಟ್ಟಿದರೆ ಬೂಷ್ಟು ಹಿಡಿದು ಕೆಡುತ್ತದೆ. ಸತ್ತವನ ಬಟ್ಟೆಯನ್ನೂ ಸಂಶಯಿತನ ಬಟ್ಟೆಯನ್ನೂ ಒಂದೇ ಮೇಜಿನ ಮೇಲೆ ಹರಡಿದರಂತೂ ಅನರ್ಥವೇ ಸರಿ. ಅಪರಾಧಿಯು ಮಾಡದಿದ್ದ ಸ್ಪರ್ಶವನ್ನು ತನಿಖೆ ಮಾಡಿದವರೇ ಮಾಡಿಸಿದಂತಾಗುತ್ತದೆ. ಲೊಕಾರ್ ತತ್ತ್ವವು ಅಪರಾಧಿಗೆ ಅನ್ವಯಿಸುವಂತೆ ಪೊಲೀಸರಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಲಾಗದು.

ಪರೀಕ್ಷೆಯ ವಿಧಾನಗಳು

ನೂಲೆಳೆ: ಹತ್ತಿಯ ಎಳೆಯು ಸೂಕ್ಷ್ಮದರ್ಶಕದಲ್ಲಿ ತಿರುಚಿದ ಪಟ್ಟಿಯಂತೆ ಕಾಣುತ್ತದೆ, ಉಣ್ಣೆಯ ಎಳೆಯ ಮೇಲೆ ಹುರುಪೆಗಳಿರುತ್ತವೆ. ನೈಲಾನಿನಂತಹ ಕೃತಕ ಎಳೆಗಳನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರವು ತಯಾರಕರಿಂದ ತಯಾರಕರಿಗೆ ಭಿನ್ನವಾಗಿರಬಹುದು. ಬಣ್ಣವನ್ನು ಬರಿಗಣ್ಣಿನಿಂದ ಹೋಲಿಸಿದರೆ ಸಾಲದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಬೆಳಕಿನ ಬೇರೆ ಬೇರೆ ಭಾಗಗಳನ್ನು ಹೀರಬಹುದು; ರೋಹಿತಮಾಪಕವು ಈ ವ್ಯತ್ಯಾಸವನ್ನು ಬಯಲಿಗೆಳೆಯುತ್ತದೆ. ಬಣ್ಣವಿಲ್ಲದ ಬಿಳಿಯ ಹತ್ತಿಯ ಎಳೆ ಎಲ್ಲೆಲ್ಲಿಯೂ ಇರುವುದರಿಂದ ಅದಕ್ಕೆ ಸಾಕ್ಷ್ಯವಾಗಿ ಹೆಚ್ಚಿನ ಬೆಲೆಯಿಲ್ಲ.

ಗಾಜು: ಕಿಟಕಿಯನ್ನು ಒಡೆದಾಗ ಚೂರುಗಳೆಲ್ಲ ಮುಂದಕ್ಕೇ ಸಿಡಿಯುವುದಿಲ್ಲ, ಕೆಲವು ಸಣ್ಣ ಕಣಗಳು ಒಡೆದವನ ಕಡೆಗೂ ಹಾರಿ ಅವನ ತಲೆಗೂದಲಿನಲ್ಲಿ, ಬಟ್ಟೆಯಲ್ಲಿ ಸೇರುತ್ತವೆ. ಅಂತಹ ಕಣವನ್ನು ಒಂದು ಬಗೆಯ ಎಣ್ಣೆಯಲ್ಲಿ ಮುಳುಗಿಸಿ ನಿಧಾನವಾಗಿ ಕಾಯಿಸುತ್ತಾರೆ. ಉಷ್ಣತೆ ಏರಿದಂತೆ ಎಣ್ಣೆಯ ವಕ್ರೀಭವನ ಸೂಚ್ಯಂಕವು ಇಳಿಯುತ್ತದೆ. ಎಣ್ಣೆಯದೂ ಗಾಜಿನದೂ ಸಮವಾದ ಕ್ಷಣದಲ್ಲಿ ಗಾಜಿನ ಅಂಚು ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ. ಆ ಉಷ್ಣತೆಯಿಂದ ಗಾಜಿನ ಸೂಚ್ಯಂಕ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಕಲಿಯುವ ಬೆಳಕಿನ ಪಾಠವೇ ಇಲ್ಲಿ ನ್ಯಾಯದಾನಕ್ಕೆ ನೆರವಾಗುವುದು.

ವಾಹನದ ಬಣ್ಣ: ಅಪಘಾತ ಮಾಡಿ ಪರಾರಿಯಾದ ವಾಹನದಿಂದ ಉದುರಿದ ಬಣ್ಣದ ಚಕ್ಕೆಯಲ್ಲಿ ಹಲವು ಪದರಗಳಿರುತ್ತವೆ. ಪುನಃ ಬಣ್ಣ ಬಳಿಸಿದ ವಾಹನವಾದರೆ ಪದರಗಳು ಇನ್ನೂ ಹೆಚ್ಚು. ಪದರಗಳ ಸಂಖ್ಯೆ, ಕ್ರಮ, ರಾಸಾಯನಿಕ ರಚನೆ ಇವೆಲ್ಲವೂ ಕೂಡಿಬಂದರೆ ಸಾಕ್ಷ್ಯ ಬಲವಾಗುತ್ತದೆ. ಒಡೆದ ದೀಪದ ಚೂರೊಂದು ವಾಹನದಲ್ಲಿ ಉಳಿದ ತುಂಡಿಗೆ ಅಂಚಿಗೆ ಅಂಚು ಕೂಡಿಕೊಂಡರಂತೂ ಅದಕ್ಕಿಂತ ಪ್ರಬಲವಾದ ಹೋಲಿಕೆ ಬೇರೆ ದುರ್ಲಭ.

ಗುಂಡಿನ ಶೇಷ: ಬಂದೂಕನ್ನು ಹಾರಿಸಿದಾಗ ಸೀಸ, ಬೇರಿಯಂ, ಆಂಟಿಮನಿ ಇವು ಕೂಡಿದ ಅತಿಸೂಕ್ಷ್ಮ ಕಣಗಳು ಹೊರಬಂದು ಕೈಯ ಮೇಲೆ ಕುಳಿತುಕೊಳ್ಳಬಹುದು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇವುಗಳ ಆಕಾರವನ್ನೂ ಘಟಕಗಳನ್ನೂ ತಿಳಿಯುತ್ತಾರೆ. ಆದರೆ ಗುಂಡು ಹಾರಿಸಿದವನ ಪಕ್ಕದಲ್ಲಿ ನಿಂತವನ ಕೈಗೂ, ಆಯುಧವನ್ನು ಬರಿದೆ ಮುಟ್ಟಿದವನ ಕೈಗೂ ಈ ಕಣಗಳು ಬರಬಹುದು. ಕಣ ಇದೆಯೆಂದ ಮಾತ್ರಕ್ಕೆ ಕೊಂದವನು ಇವನೇ ಎಂದು ಹೇಳಲಾಗದು.

ಸಂಖ್ಯೆಗಳ ಭಾಷೆ

ವಿರಳತೆಯನ್ನು ಅಳೆಯುವ ಪ್ರಯತ್ನಕ್ಕೆ ಅಮೆರಿಕದ ಅಟ್ಲಾಂಟ ನಗರದ ಪ್ರಕರಣವು ಪ್ರಸಿದ್ಧವಾದ ಉದಾಹರಣೆ. 1979ರಿಂದ 1981ರವರೆಗೆ ಅಲ್ಲಿ ಅನೇಕ ಕರಿಯ ಬಾಲಕರೂ ತರುಣರೂ ಒಬ್ಬರಾದ ಮೇಲೊಬ್ಬರು ಕೊಲೆಯಾದರು. ಕೆಲವು ಶವಗಳ ಮೇಲೆ ಹಳದಿಮಿಶ್ರಿತ ಹಸಿರು ಬಣ್ಣದ ನೈಲಾನ್ ಎಳೆಗಳು ಸಿಕ್ಕಿದ್ದವು. ಅವುಗಳ ಅಡ್ಡಕೊಯ್ತವು ಮೂರು ಹಾಲೆಗಳುಳ್ಳ ವಿಚಿತ್ರ ಆಕಾರದ್ದು. ಎಳೆ ಸಿಕ್ಕಿದ ಸುದ್ದಿ 1981ರ ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಶವಗಳು ನದಿಯಲ್ಲಿ ದೊರೆಯತೊಡಗಿದವು. ನೀರು ಕುರುಹನ್ನು ತೊಳೆಯಬಲ್ಲದಷ್ಟೆ!

ಆ ಎಳೆಯು ಒಂದು ಕಂಪನಿಯ ನೆಲಹಾಸಿನದೆಂದು ವಿಜ್ಞಾನಿಗಳು ಪತ್ತೆಮಾಡಿದರು. ಆರೋಪಿಯಾದ ವೇಯ್ನ್ ವಿಲಿಯಮ್ಸ್‌ನ ಮಲಗುವ ಕೋಣೆಯಲ್ಲಿ ಅಂತಹ ನೆಲಹಾಸು ಇತ್ತು. ಅದೇ ಬಗೆಯ, ಅದೇ ಬಣ್ಣದ ನೆಲಹಾಸು 16,397 ಚದರ ಗಜದಷ್ಟು ಮಾತ್ರ ಆಗ್ನೇಯ ಭಾಗದ ಹತ್ತು ರಾಜ್ಯಗಳಲ್ಲಿ ಮಾರಾಟವಾಗಿತ್ತೆಂಬ ಲೆಕ್ಕದಿಂದ, ಅಟ್ಲಾಂಟ ಪ್ರದೇಶದ 7,792 ಮನೆಗಳಲ್ಲಿ ಒಂದರಲ್ಲಿ ಅದು ಇರಬಹುದೆಂದು ಅಂದಾಜು ಮಾಡಲಾಯಿತು. ಇದರೊಡನೆ ಅವನ ಮನೆಯ ಬೇರೆ ಬಟ್ಟೆಗಳ ಎಳೆ, ಕಾರಿನ ಹಾಸಿನ ಎಳೆ, ನಾಯಿಯ ಕೂದಲು ಇವುಗಳಿಗೆ ಹೋಲುವಂತಹವೂ ಶವಗಳ ಮೇಲಿದ್ದವು. 1982ರ ಫೆಬ್ರವರಿಯಲ್ಲಿ ಇಬ್ಬರು ವಯಸ್ಕರ ಕೊಲೆಗಾಗಿ ಅವನಿಗೆ ಶಿಕ್ಷೆಯಾಯಿತು. ತಾನು ನಿರಪರಾಧಿಯೆಂದೇ ಅವನು ಹೇಳುತ್ತ ಬಂದಿದ್ದಾನೆ.

ಮೇಲಿನ ಅಂದಾಜು ಕೆಲವು ಊಹೆಗಳ ಮೇಲೆ ನಿಂತಿದೆ. ಹತ್ತು ರಾಜ್ಯಗಳಲ್ಲಿಯೂ ಮಾರಾಟ ಸಮನಾಗಿ ನಡೆಯಿತೆಂಬುದು ಒಂದು. ಪ್ರತಿಯೊಂದು ಮನೆಯಲ್ಲಿಯೂ ಒಂದೇ ಕೋಣೆಗೆ ಹಾಸಿದರೆಂಬುದು ಇನ್ನೊಂದು. ಊಹೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. 7,792 ಮನೆಗಳಲ್ಲಿ ಒಂದರಲ್ಲಿ ಈ ಹಾಸು ಉಂಟು ಎನ್ನುವುದೂ, ಇವನು ನಿರಪರಾಧಿಯಾಗಿರುವ ಸಂಭವ 7,792ರಲ್ಲಿ ಒಂದು ಎನ್ನುವುದೂ ಒಂದೇ ಅಲ್ಲ. ಲಕ್ಷಾಂತರ ಮನೆಗಳಿರುವ ನಗರದಲ್ಲಿ ಅಂತಹ ಹಾಸುಳ್ಳ ಬೇರೆ ಮನೆಗಳೂ ಹತ್ತಾರು ಇರುತ್ತವೆ. ಒಂದೇ ಕುರುಹಿನಿಂದ ಅವುಗಳಲ್ಲಿ ಇದೇ ಮನೆಯೆಂದು ಆರಿಸಲು ಬರುವುದಿಲ್ಲ. ಬೇರೆ ಬೇರೆ ಮೂಲದ ಹಲವು ಕುರುಹುಗಳು ಒಂದೆಡೆ ಕೂಡಿದಾಗಲೇ ಸಾಕ್ಷ್ಯವು ಗಟ್ಟಿಯಾಗುವುದು.

ಮಿತಿಮೀರಿದ ಮಾತಿನ ಫಲ

ಈ ಮಿತಿಯನ್ನು ಮರೆತಾಗ ಏನಾಗುತ್ತದೆ? ಕೂದಲಿನ ಹೋಲಿಕೆಯ ಇತಿಹಾಸವೇ ಇದಕ್ಕೆ ಉತ್ತರ. ಎರಡು ಕೂದಲುಗಳನ್ನು ಅಕ್ಕಪಕ್ಕದಲ್ಲಿಟ್ಟು ಸೂಕ್ಷ್ಮದರ್ಶಕದಿಂದ ನೋಡಿ, ಬಣ್ಣ, ದಪ್ಪ, ಒಳತಿರುಳು ಇವುಗಳನ್ನು ಹೋಲಿಸುವ ಪದ್ಧತಿ ದೀರ್ಘಕಾಲ ಬಳಕೆಯಲ್ಲಿತ್ತು. ಈ ಕೂದಲು ಅವನದಲ್ಲ ಎಂದು ತಳ್ಳಿಹಾಕಲು ಅದು ಉಪಯುಕ್ತ. ಇದು ಅವನದೇ ಎಂದು ಸ್ಥಾಪಿಸಲು ಅದರಿಂದಾಗದು. ಆದರೂ ಅನೇಕ ತಜ್ಞರು ನ್ಯಾಯಾಲಯಗಳಲ್ಲಿ ಹಾಗೆಯೇ ಧ್ವನಿಸುವಂತೆ ನುಡಿದರು.

1978ರಲ್ಲಿ ವಾಷಿಂಗ್ಟನ್ ನಗರದಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಕೊಲೆಯಾಯಿತು. ಕೊಲೆಗಾರನು ಮುಸುಕಾಗಿ ಧರಿಸಿದ್ದನೆನ್ನಲಾದ ಕಾಲುಚೀಲವೊಂದರಲ್ಲಿ 13 ಕೂದಲುಗಳು ದೊರೆತವು. ಅವುಗಳಲ್ಲಿ ಒಂದು 17 ವರ್ಷದ ತರುಣನೊಬ್ಬನ ಕೂದಲಿಗೆ ಹೋಲುತ್ತದೆಂದು ತಜ್ಞನು ನುಡಿದನು. ತರುಣನಿಗೆ ದೀರ್ಘ ಸೆರೆವಾಸದ ಶಿಕ್ಷೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಅವನು ಸೆರೆಮನೆಯಲ್ಲಿ ಕಳೆದನು. 2012ರಲ್ಲಿ ಡಿ.ಎನ್.ಎ. ಪರೀಕ್ಷೆ ನಡೆದಾಗ ಆ ಕೂದಲುಗಳಲ್ಲಿ ಒಂದೂ ಅವನದಲ್ಲವೆಂದು ತಿಳಿಯಿತು. ಅಷ್ಟೇ ಅಲ್ಲ, ಅವುಗಳಲ್ಲಿ ಒಂದು ಮನುಷ್ಯರದೇ ಆಗಿರಲಿಲ್ಲ. ಅದು ನಾಯಿಯ ಕೂದಲಾಗಿತ್ತು. ಅವನ ನಿರಪರಾಧಿತ್ವವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಆದರೆ ಹೋದ ಯೌವನವನ್ನು ಯಾವ ನ್ಯಾಯಾಲಯ ಹಿಂದಿರುಗಿಸಬಲ್ಲುದು?

ಇದು ಒಂಟಿ ಪ್ರಮಾದವಲ್ಲ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ತನ್ನ ತಜ್ಞರ ಹಳೆಯ ಸಾಕ್ಷ್ಯಗಳನ್ನು ತಾನೇ ಮರುಪರಿಶೀಲನೆಗೆ ಒಡ್ಡಿತು. ಆರೋಪಿಗೆ ವಿರುದ್ಧವಾಗಿ ಕೂದಲಿನ ಸಾಕ್ಷ್ಯ ನುಡಿದಿದ್ದ 268 ವಿಚಾರಣೆಗಳಲ್ಲಿ 257ರಲ್ಲಿ ವಿಜ್ಞಾನದ ಮಿತಿಯನ್ನು ಮೀರಿದ ಹೇಳಿಕೆಗಳಿದ್ದವೆಂದು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಮರಣದಂಡನೆಗೆ ಗುರಿಯಾದವರೂ ಇದ್ದರು. ಅದಕ್ಕೂ ಮುನ್ನ 2009ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ತನ್ನ ವರದಿಯಲ್ಲಿ, ಅನೇಕ ಹೋಲಿಕೆ ಪದ್ಧತಿಗಳಿಗೆ ಸಾಕಷ್ಟು ವೈಜ್ಞಾನಿಕ ಬುನಾದಿಯನ್ನು ಇನ್ನೂ ಹಾಕಬೇಕಾಗಿದೆಯೆಂದು ಎಚ್ಚರಿಸಿತ್ತು. ಸೂಕ್ಷ್ಮದರ್ಶಕವು ಸುಳ್ಳು ಹೇಳಿರಲಿಲ್ಲ. ‘ಹೋಲುತ್ತದೆ’ ಎಂಬ ಮಾತನ್ನು ಕೇಳುವವರು ‘ಇದೇ’ ಎಂದು ತಿಳಿಯುವಂತೆ ನುಡಿದದ್ದೇ ತಪ್ಪಾಯಿತು.

ನಮ್ಮ ನಾಡಿನಲ್ಲಿ

ಈ ಶಾಸ್ತ್ರಕ್ಕೆ ಭಾರತವೇನೂ ಹೊಸದಲ್ಲ. ಬೆರಳಚ್ಚಿನ ಪ್ರಪ್ರಥಮ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿಯೇ ಸ್ಥಾಪನೆಯಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಬೆರಳಚ್ಚುಗಳ ವರ್ಗೀಕರಣಕ್ಕೆ ದುಡಿದರು. ತಜ್ಞರ ಅಭಿಪ್ರಾಯಕ್ಕೆ 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು ಸ್ಥಾನ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ಆ ಸ್ಥಾನವನ್ನು ಮುಂದುವರಿಸಿದೆ. ಆದರೆ ತಜ್ಞನ ಮಾತು ಅಭಿಪ್ರಾಯವೇ ಹೊರತು ತೀರ್ಪಲ್ಲ. ತೀರ್ಪು ನ್ಯಾಯಾಧೀಶರದು.

ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನ 3ನೆಯ ಉಪಕಲಮು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಕುರುಹುಗಳನ್ನು ಸಂಗ್ರಹಿಸಬೇಕೆಂದೂ, ಆ ಕಾರ್ಯವನ್ನು ವಿಡಿಯೊ ಚಿತ್ರೀಕರಿಸಬೇಕೆಂದೂ ಅದು ವಿಧಿಸುತ್ತದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶ ಕೊಡಲಾಗಿದೆ. ಇಷ್ಟು ದೊಡ್ಡ ಕಾರ್ಯಕ್ಕೆ ಸುಶಿಕ್ಷಿತರಾದ ತರುಣ ತರುಣಿಯರು ಬಹುಸಂಖ್ಯೆಯಲ್ಲಿ ಬೇಕಾಗುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡದ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಪರೀಕ್ಷೆಗಾಗಿ ಮಾತ್ರ ಓದದೆ ಆಸ್ಥೆಯಿಂದ ಓದಿದ ವಿದ್ಯಾರ್ಥಿಗಳಿಗೆ ಇದು ಯೋಗ್ಯವಾದ ಕ್ಷೇತ್ರವೆಂಬುದರಲ್ಲಿ ಸಂದೇಹವಿಲ್ಲ.

ಉಪಸಂಹಾರ

ವಿಧಿವಿಜ್ಞಾನಿಯು ಪೊಲೀಸರ ಪಕ್ಷದವನೂ ಅಲ್ಲ, ಆರೋಪಿಯ ಪಕ್ಷದವನೂ ಅಲ್ಲ. ತಕ್ಕಡಿ ಹಿಡಿದವನು ತೂಗುವ ವಸ್ತುವಿನ ಕಡೆಗೆ ಕೈ ಜಗ್ಗಬಾರದು. ಕುರುಹು ಹೇಳಿದಷ್ಟನ್ನೇ ಹೇಳಬೇಕು. ಅದು ಸುಮ್ಮನಿರುವೆಡೆ ತಾನೂ ಸುಮ್ಮನಿರಬೇಕು. ‘ಇದರಿಂದ ನಿರ್ಧರಿಸಲು ಬಾರದು’ ಎಂದು ವರದಿಯಲ್ಲಿ ಬರೆಯುವುದಕ್ಕೆ ಕೆಲವೊಮ್ಮೆ ಅಪರಾಧಿಯನ್ನು ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗುತ್ತದೆ. ಜನರ ಆಕ್ರೋಶ, ಮೇಲಿನವರ ಅವಸರ, ತನ್ನ ಹೆಸರಿನ ಆಸೆ ಇವು ಮೂರೂ ಆಗ ಅವನನ್ನು ಒಂದೇ ಕಡೆಗೆ ನೂಕುತ್ತಿರುತ್ತವೆ.

ಕಾಯಕವೆಂದರೆ ಕೆಲಸ ಮಾತ್ರವಲ್ಲ, ಶುದ್ಧಿಯಿಂದ ಮಾಡಿದ ಕೆಲಸ ಎಂಬ ತಿಳಿವು ನಮ್ಮ ವಿದ್ಯಾಸಂಸ್ಥೆಯ ಮಕ್ಕಳಿಗೆ ಹೊಸದಾಗಿ ಹೇಳಬೇಕಾದುದಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಸೂಕ್ಷ್ಮದರ್ಶಕದ ಮುಂದೆ ಕುಳಿತು ಒಂದು ಎಳೆಯನ್ನೋ ಕೂದಲನ್ನೋ ನೋಡುವ ಕಾಲ ಬಂದರೆ, ಆ ಗಾಜಿನ ತಟ್ಟೆಯ ಆಚೆಗೆ ನ್ಯಾಯಕ್ಕಾಗಿ ಕಾದಿರುವ ಒಂದು ಕುಟುಂಬವೂ, ಶಿಕ್ಷೆಗೆ ಗುರಿಯಾಗಬಹುದಾದ ಒಂದು ಜೀವವೂ ಇರುವುದೆಂಬುದನ್ನು ನೆನೆಯಿರಿ. ಅವರಿಬ್ಬರಿಗೂ ನೀವು ಸಲ್ಲಿಸಬೇಕಾದ ಋಣ ಒಂದೇ: ಕಂಡದ್ದನ್ನು ಕಂಡಷ್ಟೇ ನುಡಿಯುವುದು.